ಸೂಜಿಗೇನು ಕೆಲಸ?

ಚಿತ್ರ ಬರೆದವರು ಅದನ್ನು ನಾಲ್ವರಿಗೆ ಕಾಣುವಂತೆ ಗೋಡೆಗೆ ತೂಗುಹಾಕುವುದು ಲೋಕರೂಢಿ. ಆದರೆ ಬರೆದ ಚಿತ್ರವನ್ನು ಎಳ್ಳಷ್ಟೂ ಕಾಣದಂತೆ ದಾರದಿಂದ ಮುಚ್ಚಿಬಿಡಲೆಂದೇ ಬರೆಯುವ ಚಿತ್ರಗಾರರೂ ಇದ್ದಾರೆಂದರೆ ಹೊಸಬರು ಸುಲಭವಾಗಿ ನಂಬಲಾರರು. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಇಂಥವರಿದ್ದಾರೆ. ಜರಡಿಯಂತೆ ಕಣ್ಣುಕಣ್ಣಾಗಿ ನೇಯ್ದು ಗಂಜಿ ಹಾಕಿ ಬಿರುಸುಗೊಳಿಸಿದ ಹತ್ತಿಯ ಕ್ಯಾನ್‌ವಾಸಿನ ಮೇಲೆ ಅವರು ಹೂವು, ಹಕ್ಕಿ, ಹಡಗು, ಮನೆ, ಮಕ್ಕಳ ಹೆಸರು, ಹೀಗೆ ಏನು ಬೇಕಾದರೂ ಕುಂಚದಿಂದ ಬರೆಯುತ್ತಾರೆ. ಅದನ್ನು ಕೊಂಡವರು ತಿಂಗಳುಗಟ್ಟಲೆ ಕುಳಿತು ಆ ಬಣ್ಣದ ಮೇಲೆ ಅದೇ ಬಣ್ಣದ ಉಣ್ಣೆಯನ್ನೋ ರೇಷ್ಮೆಯನ್ನೋ ಹೊಲಿಯುತ್ತಾರೆ. ಕೊನೆಯ ಹೊಲಿಗೆ ಬಿದ್ದ ದಿನ ಕುಂಚದ ಕೆಲಸವೆಲ್ಲ ಕಣ್ಮರೆಯಾಗುತ್ತದೆ. ಈ ಕಲೆಗೆ ನೀಡಲ್‌ಪಾಯಿಂಟ್ ಎಂದು ಹೆಸರು.

ಧಾರವಾಡದ ಅತ್ತೆಯವರೊಬ್ಬರು ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಯ ಮಗನ ಮನೆಗೆ ಹೋದಾಗ ಈ ವಿದ್ಯೆಯನ್ನು ಮೊದಲ ಸಲ ಕಂಡರು. ಮಗನೂ ಸೊಸೆಯೂ ಬೆಳಗ್ಗೆ ಕಚೇರಿಗೆ ಹೊರಟರೆ ಸಂಜೆಯ ತನಕ ಮನೆಯಲ್ಲಿ ಮಾತಿಲ್ಲ. ಹೊರಗೆ ಹಿಮ, ಒಳಗೆ ಬಿಸಿಗಾಳಿಯ ಯಂತ್ರದ ಗುಂಯ್ ಎಂಬ ಸದ್ದು. ತಂದಿದ್ದ ಶೇಂಗಾ ಚಟ್ನಿಪುಡಿಯನ್ನು ಡಬ್ಬಿಯಿಂದ ಡಬ್ಬಿಗೆ ಬದಲಾಯಿಸುವುದರಲ್ಲಿ ಎಷ್ಟು ಹೊತ್ತು ಕಳೆದೀತು? ಹೀಗಿರಲು ಒಂದು ಶನಿವಾರ ಸೊಸೆ ದೀಪದ ಕೆಳಗೆ ಕುಳಿತು ಕ್ಯಾನ್‌ವಾಸಿನ ತುಂಡೊಂದನ್ನು ಬಿಚ್ಚಿದಳು. ಅದರ ಮೇಲೆ ಕೆಂಪು ಹಕ್ಕಿಯೊಂದರ ಚಿತ್ರವಿತ್ತು. ಅರ್ಧ ಹಕ್ಕಿಗೆ ಉಣ್ಣೆಯ ಮೈ ಬಂದಿತ್ತು. ಉಳಿದರ್ಧ ಇನ್ನೂ ಬರಿಯ ಬಣ್ಣವಾಗಿತ್ತು.

ಸೊಸೆ ಮೈಸೂರಿನ ಕಡೆಯವಳು. ಅವಳ ತೌರುಮನೆಯ ಹಜಾರದಲ್ಲಿ, ಆ ಕಾಲದ ಮಧ್ಯಮವರ್ಗದ ಮನೆಗಳಲ್ಲೆಲ್ಲ ಇದ್ದಂತೆ, ಮ್ಯಾಟಿ ಬಟ್ಟೆಯ ಮೇಲೆ ಹೊಲಿದ ಜೋಡಿ ಗಿಳಿಗಳು ಗಾಜಿನ ಚೌಕಟ್ಟಿನೊಳಗಿಂದ ಬಂದವರನ್ನು ನೋಡುತ್ತಿದ್ದವು. ಆ ಸಂಸ್ಕಾರವೇ ಕಾರಣವೋ ಏನೋ, ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಒಮ್ಮೆ ಚಹಕ್ಕೆ ಕರೆದು ತನ್ನ ಹೊಲಿಗೆಯನ್ನು ತೋರಿಸಿದಾಗ ಇವಳು ಅಲ್ಲಿಯೇ ಕುಳಿತು ಕಲಿತುಬಿಟ್ಟಳು. ಆ ಅಜ್ಜಿಗೆ ಎಂಟು ಮೊಮ್ಮಕ್ಕಳು. ಕ್ರಿಸ್‌ಮಸ್ಸಿನ ರಾತ್ರಿ ಒಲೆಯ ಮೇಲೆ ತೂಗಿಬಿಡುವ ದೊಡ್ಡ ಕಾಲುಚೀಲವನ್ನು ಮೊಮ್ಮಗುವಿಗೊಂದರಂತೆ ಹೊಲಿದು, ಮೇಲೆ ಹೆಸರನ್ನು ಹೆಣೆದು ಕೊಡುವುದು ಆ ಕಡೆಯ ಎಷ್ಟೋ ಅಜ್ಜಿಯರ ವ್ರತ. ಒಂದೊಂದಕ್ಕೂ 25,000ಕ್ಕೆ ಮೀರಿದ ಹೊಲಿಗೆ ಬೀಳುವುದುಂಟು. ಕೈಯಲ್ಲಿ ಬರೆದ ಅಂಥ ಕ್ಯಾನ್‌ವಾಸಿನ ಬೆಲೆಯೇ 200 ಡಾಲರಿಗೂ ಮೇಲೆ, ದಾರ ಬೇರೆ, ಹೊಲಿದಾದ ಮೇಲೆ ಒಳಗೆ ಅಸ್ತರಿ ಕೊಟ್ಟು ಚೀಲದ ರೂಪಕ್ಕೆ ತರುವವರ ಕೂಲಿ ಬೇರೆ. ಇದರಲ್ಲಿ ಕೂಲಿಯಿಲ್ಲದೆ ದುಡಿಯುವವಳು ಅಜ್ಜಿಯೊಬ್ಬಳೇ.

ಅತ್ತೆಯವರು ಕೆಂಪು ಹಕ್ಕಿಯನ್ನು ಕೈಗೆ ತೆಗೆದುಕೊಂಡರು. ಮುಖಭಾಗವನ್ನು ನೋಡಲೇ ಇಲ್ಲ. ಕೂಡಲೇ ಮಗುಚಿ ಬೆನ್ನು ನೋಡಿದರು. ಧಾರವಾಡದ ಕಸೂತಿಯವರ ಅಭ್ಯಾಸವೇ ಅದು. ಬೆನ್ನಿನಲ್ಲಿ ಉಣ್ಣೆಯ ಎಳೆಗಳು ಅಡ್ಡಲಾಗಿಯೂ ಉದ್ದವಾಗಿಯೂ ಒಂದರೊಳಗೊಂದು ಹೊಕ್ಕು ಚಾಪೆ ನೇಯ್ದಂತೆ ಕಾಣುತ್ತಿದ್ದವು. ಒಂದು ಗಂಟೂ ಇರಲಿಲ್ಲ. ಆ ಬೆನ್ನಿಗೆ ಅವರು ಮನಸ್ಸಿನಲ್ಲಿಯೇ ಅಂಕ ಕೊಟ್ಟಿರಬೇಕು. ಆದರೆ ಮಗುಚಿ ಮುಂಭಾಗವನ್ನು ಕಂಡಾಗ ಅವರ ಹುಬ್ಬು ಮೇಲೇರಿತು.

“ಚಿತ್ರಾ ಎಲ್ಲಾ ಅವರಽ ಬರದು, ಬಣ್ಣಾನೂ ಅವರಽ ಹಚ್ಚಿ ಕೊಟ್ಟ ಮ್ಯಾಲ ಸೂಜಿಗೇನು ಕೆಲಸ ಉಳೀತವಾ?”

ಸೊಸೆ ನಕ್ಕು, “ತುಂಬುವ ಕೆಲಸ, ಅತ್ತೆ” ಎಂದಳು.

“ತುಂಬೂದಕ್ಕ ಚೀಲಾ ಅದ, ಡಬ್ಬಿ ಅದ. ಸೂಜಿ ಯಾಕ ಬೇಕು?”

ಈ ಮಾತಿನ ಹಿಂದಿದ್ದುದು ಬರಿಯ ಕೊಂಕಲ್ಲ. ಐವತ್ತು ವರ್ಷಗಳ ಸಾಧನೆ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಸೀರೆಯ ಎಳೆಗಳನ್ನು ಎಣಿಸುವುದೇ ಅಲ್ಲಿ ಚಿತ್ರ ಬರೆಯುವುದು. ಗೋಪುರ, ತೇರು, ತುಳಸಿಕಟ್ಟೆ, ಆನೆಯಂಬಾರಿ, ತೊಟ್ಟಿಲು, ನವಿಲು ಎಲ್ಲವೂ ಹೊಲಿಯುವವಳ ತಲೆಯಲ್ಲಿ ಲೆಕ್ಕದ ರೂಪದಲ್ಲಿವೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಗೆರೆಯ ಕೊನೆಯವರೆಗೆ ಹೋಗಿ, ಬಿಟ್ಟ ಎಡೆಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳುತ್ತದೆ. ಅದೇ ಓಟ ಮೆಟ್ಟಿಲು ಮೆಟ್ಟಿಲಾಗಿ ಏರಿಳಿದರೆ ಮುರ್ಗಿ. ನೇಯ್ಗಿ ನೇಯ್ದ ಬಟ್ಟೆಯಂತೆಯೇ ಕಾಣುವುದು. ಮೆಂತೆಯೆಂದರೆ ಕತ್ತರಿಯ ಹೊಲಿಗೆ. ಗವಂತಿ, ಮುರ್ಗಿಗಳು ಎರಡು ಮಗ್ಗುಲಲ್ಲಿಯೂ ಒಂದೇ ರೂಪದಲ್ಲಿ ಬರಬೇಕು. ಗಂಟು ಹಾಕಿ ತೊಡಗುವಂತಿಲ್ಲ. ಹೋದ ದಾರಿಯಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಮರಳುವ ದಾರಿ ಕೂಡುವುದಿಲ್ಲ. ಇಷ್ಟು ಕಟ್ಟುನಿಟ್ಟಿನಲ್ಲಿ ಬೆಳೆದವರಿಗೆ ಬಣ್ಣ ಬಳಿದು ಸಿದ್ಧಗೊಳಿಸಿದ ಬಟ್ಟೆ ಮಕ್ಕಳ ಆಟವೆಂದು ತೋರಿದರೆ ತಪ್ಪೆನ್ನುವುದು ಹೇಗೆ?

ಕುಂಚ ಮೇಲೋ ಸೂಜಿ ಮೇಲೋ ಎಂಬ ಈ ಚರ್ಚೆ ಹೊಸದೇನಲ್ಲ. ಸೆರೆಯಲ್ಲಿದ್ದ ರಾಣಿಯೊಬ್ಬಳೂ ಇದನ್ನು ಮಾಡಿದ್ದಾಳೆ. ಸ್ಕಾಟ್ಲೆಂಡಿನ ಮೇರಿ 1568ರಲ್ಲಿ ಆಶ್ರಯ ಬೇಡಿ ಇಂಗ್ಲೆಂಡಿಗೆ ಬಂದು, ಎಲಿಜಬೆತ್ ರಾಣಿಯ ಬಂದಿಯಾಗಿ, 1587ರಲ್ಲಿ ತಲೆ ಕೊಡುವ ತನಕ ಕೋಟೆಯಿಂದ ಕೋಟೆಗೆ ಸಾಗಿದವಳು. ಕ್ಯಾನ್‌ವಾಸಿನ ಮೇಲೆ ಓರೆ ಹೊಲಿಗೆ ಹಾಕುವುದು ಆ ಸೆರೆಯಲ್ಲಿ ಅವಳಿಗೆ ಒದಗಿದ ದೊಡ್ಡ ಆಸರೆ. 1569ರಲ್ಲಿ ನಿಕೊಲಸ್ ವೈಟ್ ಎಂಬ ಅಧಿಕಾರಿ ಟಟ್‌ಬರಿ ಕೋಟೆಯಲ್ಲಿ ಅವಳನ್ನು ಕಂಡು, ಹವೆ ಕೆಟ್ಟಾಗ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಕೇಳಿದ. ದಿನವಿಡೀ ಹೊಲಿಯುತ್ತೇನೆ, ಬಣ್ಣಗಳ ವೈವಿಧ್ಯದಿಂದ ಬೇಸರ ಕಡಿಮೆಯಾಗುತ್ತದೆ, ನೋವು ಬಂದು ಕೈ ಬಿಡಿಸುವವರೆಗೂ ಹೊಲಿಗೆ ಬಿಡುವುದಿಲ್ಲ ಎಂಬರ್ಥದ ಉತ್ತರ ಬಂದಿತು. ಶಿಲ್ಪ, ಚಿತ್ರ, ಸೂಜಿಯ ಕೆಲಸ ಈ ಮೂರರಲ್ಲಿ ಯಾವುದು ಮೇಲು ಎಂಬ ಮಾತನ್ನೂ ಅವಳೇ ಎತ್ತಿ ಚಿತ್ರಕಲೆಗೇ ಪಟ್ಟ ಕಟ್ಟಿದಳೆಂದು ಆತ ಬರೆದಿದ್ದಾನೆ. ದಿನವಿಡೀ ಹೊಲಿಯುವವಳ ಬಾಯಿಂದಲೇ ಈ ತೀರ್ಪು! ಆದರೂ ಅವಳ ಕೈ ಬೇರೆಯೇ ಹೇಳುವಂತಿದೆ. ಪ್ರಾಣಿಶಾಸ್ತ್ರದ ವಿದ್ವಾಂಸ ಕೊನ್ರಾಡ್ ಗೆಸ್ನರನ ಗ್ರಂಥದ ಅಚ್ಚುಚಿತ್ರಗಳನ್ನು ಮಾದರಿಯಾಗಿಟ್ಟುಕೊಂಡು ಅವಳು ಹಲವು ಪ್ರಾಣಿಗಳನ್ನು ಹೊಲಿದಳು. ಅವುಗಳಲ್ಲೊಂದು ಬೆಕ್ಕು. ಅವಳ ಸೂಜಿಯಲ್ಲಿ ಅದು ಕೆಂಗೂದಲಿನ ಬೆಕ್ಕಾಯಿತು; ಅದರ ಮುಂದೆ ಒಂದು ಇಲಿಯೂ ಬಂದು ನಿಂತಿತು. ಎಲಿಜಬೆತ್ತಳ ಕೂದಲು ಕೆಂಪಾಗಿತ್ತೆಂಬುದನ್ನು ನೆನಪಿಸಿ ವಿದ್ವಾಂಸರು ಇದರಲ್ಲಿ ಒಂದು ಅರ್ಥವನ್ನು ಕಾಣುತ್ತಾರೆ. ಬೆಕ್ಕಿನ ಮಾದರಿ ಮತ್ತೊಬ್ಬರದು. ಇಲಿಯ ಸಂಕಟ ಹೊಲಿದವಳದು.

ನ್ಯೂಜೆರ್ಸಿಯ ಮನೆಯಲ್ಲಿ ಈ ಕಥೆಯೇನೂ ನಡೆಯಲಿಲ್ಲ. ಅಲ್ಲಿ ನಡೆದುದೇ ಬೇರೆ.

ಅತ್ತೆಯವರ ಪೆಟ್ಟಿಗೆಯಲ್ಲಿ ಒಂದು ಚಂದ್ರಕಾಳಿ ಸೀರೆಯಿತ್ತು. ಒಂಬತ್ತು ವರ್ಷಗಳ ಹಿಂದೆ, ಮಗನ ಮದುವೆ ನಿಶ್ಚಯವಾದಾಗ, ಸೊಸೆಗೆಂದು ತೊಡಗಿದ ಸೀರೆ. ಕಪ್ಪು ಒಡಲಿನ ಮೇಲೆ ಸೆರಗಿನ ಕಡೆಯಿಂದ ಗೋಪುರಗಳ ಸಾಲು, ಅದರ ಹಿಂದೆ ಆನೆಗಳ ಸಾಲು. ಮದುವೆಯ ಹೊತ್ತಿಗೆ ಮುಗಿಯಲಿಲ್ಲ. ಮಾವನವರ ಕಾಯಿಲೆ ಬಂದಿತು, ಆಮೇಲೆ ಮತ್ತೇನೋ ಬಂದಿತು. “ಇಲ್ಲಿ ಪುರಸತ್ತು ಭಾಳ ಅದ, ಮುಗಿಸೇ ಹೋಗ್ತೇನಿ” ಎಂದು ಅದನ್ನು ಹೊತ್ತು ತಂದಿದ್ದರು. ಎರಡು ತಿಂಗಳಾದರೂ ಸೀರೆ ಪೆಟ್ಟಿಗೆಯಿಂದ ಹೊರಬಂದುದನ್ನು ಯಾರೂ ಕಾಣಲಿಲ್ಲ. ಕೇಳಿದರೆ, “ಇಲ್ಲೀ ಬೆಳಕು ನಮ್ಮೂರ ಬೆಳಕಿನ್ಹಾಂಗ ಇಲ್ಲವಾ” ಎನ್ನುವರು.

ಒಂದು ಭಾನುವಾರ ನ್ಯಾಫ್ತಲೀನ್ ಗುಳಿಗೆ ಇಡಲೆಂದು ಸೊಸೆ ಪೆಟ್ಟಿಗೆ ತೆರೆದಳು. ಸೀರೆಯನ್ನು ಬಿಡಿಸಿದಳು. ಮೂರನೆಯ ಆನೆಯ ಮುಂಗಾಲಿನಲ್ಲಿ ಗವಂತಿಯ ಗೆರೆ ಹೋದಂತೆ ಮರಳಿರಲಿಲ್ಲ. ಒಂದೆಡೆ ಎಳೆ ತಪ್ಪಿ ಕಾಲು ಕೂಡದೆ ನಿಂತಿತ್ತು. ಅದನ್ನು ಬಿಚ್ಚಿ ಮತ್ತೆ ಹಾಕಿದ ಗುರುತಿತ್ತು. ಮತ್ತೆ ಬಿಚ್ಚಿದ ಗುರುತೂ ಇತ್ತು. ಹಾಗೆ ಎಷ್ಟು ಸಲ ಬಿಚ್ಚಿದ್ದರೋ, ಆ ಜಾಗದಲ್ಲಿ ಕಪ್ಪು ಬಟ್ಟೆ ಸವೆದು ನವಿರೆದ್ದಿತ್ತು. ಸೂಜಿ ಅಲ್ಲಿಯೇ ಚುಚ್ಚಿಕೊಂಡಿತ್ತು.

ಆಗ ಅವಳಿಗೆ ಹಲವು ಸಂಗತಿಗಳು ಒಟ್ಟಿಗೆ ನೆನಪಾದವು. ಅತ್ತೆಯವರು ಎದುರಿಗಿದ್ದವರ ಮುಖವನ್ನು ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿ ಮಾತಾಡುತ್ತಿದ್ದರು. ಬಾಗಿಲ ಚೌಕಟ್ಟು ಸೊಟ್ಟಗಿದೆ, ಈ ದೇಶದ ಬಡಗಿಗಳಿಗೆ ಕೆಲಸ ಬಾರದು ಎಂದು ಒಮ್ಮೆ ಆಡಿಕೊಂಡಿದ್ದರು. ಸಂಜೆ ಗಂಡನನ್ನು ವಿಚಾರಿಸಿದಾಗ, ಧಾರವಾಡದ ಕಣ್ಣಿನ ವೈದ್ಯರು ಹೇಳಿದ್ದು ಅವನಿಗೆ ತಿಳಿದೇ ಇತ್ತೆಂದು ಗೊತ್ತಾಯಿತು. ವಯಸ್ಸಿನಿಂದ ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ. ಅಂಚಿನಲ್ಲಿ ಕಾಣುತ್ತದೆ, ನಟ್ಟನಡುವೆ ಮಸುಕು. ನೆಟ್ಟಗಿನ ಗೆರೆ ಅಲೆಯಂತೆ ಬಳುಕುತ್ತದೆ. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಪೊರೆಯಲ್ಲ. ಯಾರಿಗೂ, ಮುಖ್ಯವಾಗಿ ಸೊಸೆಗೆ, ಹೇಳಕೂಡದೆಂದು ತಾಯಿಯ ಕಟ್ಟಪ್ಪಣೆಯಾಗಿತ್ತಂತೆ. ಗಂಡಸರು ಇಂಥ ಅಪ್ಪಣೆಗಳನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾರೆ.

ಸೊಸೆ ಏನನ್ನೂ ಆಡಲಿಲ್ಲ. ಸೀರೆಯನ್ನು ಮಡಿಕೆ ತಪ್ಪದಂತೆ ಮಡಿಸಿ ಇದ್ದಲ್ಲಿಯೇ ಇಟ್ಟಳು. ಮರುವಾರ ಅಂಗಡಿಗೆ ಹೋಗಿ ಅಂಗುಲಕ್ಕೆ ಏಳೇ ಕಣ್ಣಿನ ಬರಿಯ ಕ್ಯಾನ್‌ವಾಸನ್ನು ಅಳತೆ ಮಾಡಿಸಿ ತಂದಳು.

ಕ್ಯಾನ್‌ವಾಸಿನ ಲೆಕ್ಕವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವುದು ಅಂಗುಲಕ್ಕೆ 13 ಅಥವಾ 18 ಕಣ್ಣಿನದು. ಎರಡು ಎಳೆಗಳು ಕೂಡುವ ಒಂದೊಂದು ಸಂಧಿಗೂ ಒಂದೊಂದು ಓರೆ ಹೊಲಿಗೆ; ಆದ್ದರಿಂದ 18ರ ಕ್ಯಾನ್‌ವಾಸಿನಲ್ಲಿ ಒಂದು ಚದರ ಅಂಗುಲಕ್ಕೆ 324 ಹೊಲಿಗೆ, 13ರದರಲ್ಲಿ 169. ಏಳರದರಲ್ಲಿ ಬರಿಯ 49. ಕಣ್ಣು ಇಷ್ಟು ಅಗಲವಾದರೆ ಬಾಗಿದ ಗೆರೆಗಳು ಮುರುಕು ಮುರುಕಾಗಿ ಕಾಣುತ್ತವೆ. ನುಣುಪಾದ ಹಕ್ಕಿಯೋ ಗುಲಾಬಿಯೋ ಇದರಲ್ಲಿ ಬಾರದು. ಆದರೆ ಕಸೂತಿಯ ಗೋಪುರಕ್ಕೆ ಬಾಗಿದ ಗೆರೆಯ ಹಂಗೇ ಇಲ್ಲ. ಸೊಸೆಯ ಯೋಚನೆ ಇಷ್ಟೇ: ಎಣಿಸುವ ಕೆಲಸವನ್ನು ಕುಂಚ ಮೊದಲೇ ಮಾಡಿಟ್ಟರೆ ಸೂಜಿಗೆ ಎಣಿಕೆಯ ಭಾರವಿರದು.

ಬರೆಯುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಸೀಸದಕಡ್ಡಿಯಲ್ಲಿ ಗುರುತು ಮಾಡಿದರೆ ಆ ಕರಿ ತಿಳಿಬಣ್ಣದ ಉಣ್ಣೆಗೆ ಹತ್ತುತ್ತದೆ. ನೀರಿಗೆ ಕರಗುವ ಬಣ್ಣವನ್ನು ಮುಟ್ಟುವಂತೆಯೇ ಇಲ್ಲ. ಹೊಲಿಗೆ ಮುಗಿದ ಮೇಲೆ ಸೊಟ್ಟಗಾದ ಕ್ಯಾನ್‌ವಾಸನ್ನು ಒದ್ದೆ ಮಾಡಿ ಹಲಗೆಗೆ ಮೊಳೆ ಹೊಡೆದು ಚೌಕಕ್ಕೆ ತರುವಾಗ ಅದು ಹರಿದು ತಿಂಗಳುಗಳ ಕೆಲಸವನ್ನು ಒಂದು ರಾತ್ರಿಯಲ್ಲಿ ಕೆಡಿಸೀತು. ಒಣಗಿದರೆ ನೀರಿಗೆ ಜಗ್ಗದ ಅಕ್ರಿಲಿಕ್ ಬಣ್ಣವೇ ಆಗಬೇಕು. ಅದನ್ನೂ ದಪ್ಪಗೆ ಬಳಿದರೆ ಕಣ್ಣುಗಳು ಮುಚ್ಚಿಹೋಗಿ ಸೂಜಿಗೆ ದಾರಿಯಿಲ್ಲ. ಎಲ್ಲಕ್ಕಿಂತ ಮಿಗಿಲಾದ ನಿಯಮ ಇನ್ನೊಂದು: ಬಣ್ಣ ಸಂಧಿಯ ಮೇಲೆಯೇ ಕೂಡಬೇಕು. ಯಂತ್ರದಲ್ಲಿ ಅಚ್ಚುಹಾಕಿದ ಅಗ್ಗದ ಕ್ಯಾನ್‌ವಾಸುಗಳಲ್ಲಿ ಒಂದೇ ಸಂಧಿ ಅರ್ಧ ಕೆಂಪು ಅರ್ಧ ಹಸುರಾಗಿ, ಇಲ್ಲಿ ಯಾವ ದಾರವೆಂದು ಹೊಲಿಯುವವಳು ಪ್ರತಿ ಹೆಜ್ಜೆಗೂ ತಡೆದು ನಿಲ್ಲಬೇಕಾಗುತ್ತದೆ. ಒಳ್ಳೆಯ ಚಿತ್ರಗಾರರು ಒಂದೊಂದು ಸಂಧಿಗೂ ಕುಂಚದ ತುದಿಯನ್ನು ಮುಟ್ಟಿಸಿ, ಈ ಹೊಲಿಗೆ ಕೆಂಪು, ಪಕ್ಕದ್ದು ಹಸುರು ಎಂದು ನಿಶ್ಚಯ ಹೇಳಿರುತ್ತಾರೆ. ಕೈಬರಹದ ಕ್ಯಾನ್‌ವಾಸಿನ ಬೆಲೆಯೆಲ್ಲ ಇರುವುದು ಈ ನಿಶ್ಚಯದಲ್ಲಿ. ನೋಡುವ ಕಣ್ಣಿಗೆ ಸಂದೇಹ ಬಾರದಿರಲೆಂದು ಬರೆಯುವ ಕಣ್ಣು ಮೊದಲೇ ದಣಿದಿರುತ್ತದೆ.

ಮೂರು ರಾತ್ರಿ ಕುಳಿತು ಸೊಸೆ ಒಂದು ಗೋಪುರವನ್ನು ಮೂಲೆಯಲ್ಲಿ ಬರೆದಳು. ನಾಲ್ಕು ಸಾಲು ಹೊಲಿದಳು. ಊಟದ ಮೇಜಿನ ಮೇಲೆ ಅದನ್ನು ಮರೆತವಳಂತೆ ಬಿಟ್ಟು ಕಚೇರಿಗೆ ಹೋದಳು. ಸಂಜೆ ಬರುವ ವೇಳೆಗೆ ಅತ್ತೆಯವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆಗಣ್ಣಿನಿಂದ ನೋಡುತ್ತಿದ್ದರು.

“ಎಡಗಡೆ ಇಳಿಜಾರು ನೀರು ಹರದ್ಹಾಂಗ ಅದ. ಬಲಗಡೆ ಯಾಕ ಹಲ್ಲು ಬಂದಾವ?”

ಸೊಸೆ ಬೆರಗಾದಳು. ಮುಖ ಕಾಣದ ಕಣ್ಣಿಗೆ ಇದು ಹೇಗೆ ಕಂಡಿತು? ಕ್ಯಾನ್‌ವಾಸಿನ ಓರೆ ಹೊಲಿಗೆಗಳೆಲ್ಲ ಒಂದೇ ದಿಕ್ಕಿಗೆ, ಎಡಗೆಳಗಿನಿಂದ ಬಲಮೇಲಕ್ಕೆ, ವಾಲಿರುತ್ತವೆ. ಆ ವಾಲಿಗೆಯ ಜಾಡಿನಲ್ಲಿಯೇ ಏರುವ ಗೆರೆ ಒಂದಕ್ಕೊಂದು ಕೂಡಿಕೊಂಡು ನುಣುಪಾಗುತ್ತದೆ. ಎದುರು ದಿಕ್ಕಿನ ಗೆರೆ ಬಿಡಿ ಬಿಡಿ ಚುಕ್ಕೆಯಾಗಿ ಹಲ್ಲು ತೋರಿಸುತ್ತದೆ. ಈ ಹೊಲಿಗೆಯ ಹುಟ್ಟುಗುಣವೇ ಅದು. ಸೊಸೆ ಹಾಗೆಂದು ವಿವರಿಸಿದಳು.

“ಹಂಗಾರ ಎರಡೂ ಕಡೆ ಮೆಟ್ಲಾನಽ ಮಾಡು. ಮುರ್ಗಿ ಅಂದ್ರ ಮತ್ತೇನು? ಬರಕೋ, ಹೇಳ್ತೇನಿ. ಮೂರು ಮ್ಯಾಲ, ಎರಡು ಒಳಗ. ಮೂರು ಮ್ಯಾಲ, ಎರಡು ಒಳಗ. ನಾಕನೇದಕ್ಕ ಎರಡಽ ಮ್ಯಾಲ, ಅಲ್ಲಿ ಕಳಸದ ಕುತಿಗಿ ಬರ್ತದ.”

ಸೊಸೆ ಮಗನ ಶಾಲೆಯ ಚೀಲದಿಂದ ಚೌಕುಳಿ ಕಾಗದವನ್ನು ತೆಗೆದು ಓಡೋಡಿ ಗುರುತು ಹಾಕಿದಳು. ಅತ್ತೆಯವರು ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವ ಹುಡುಗಿಯಂತೆ, ಗೋಪುರವನ್ನು ಹೇಳುತ್ತ ಹೋದರು. ಗೋಪುರ ಮುಗಿಯಿತು; ಆನೆ ಬಂದಿತು; ಆನೆಯ ಮೇಲೆ ಅಂಬಾರಿ ಬಂದಿತು. ರಾತ್ರಿ ಹತ್ತಾದರೂ ಅನ್ನಕ್ಕೆ ಇಟ್ಟಿರಲಿಲ್ಲ. ಆ ಸೊಲ್ಲು ಕಸೂತಿಯ ಸೀರೆಗಳನ್ನು ಉಟ್ಟ ಸೊಸೆಗೂ ಹೊಸದು.

ಚೌಕುಳಿ ಕಾಗದಕ್ಕೂ ಈ ಕಲೆಗೂ ಹಳೆಯ ನಂಟುಂಟು. 1804ರಲ್ಲಿ ಬರ್ಲಿನ್ನಿನ ಚಿತ್ರವ್ಯಾಪಾರಿಯೊಬ್ಬ ಚೌಕುಳಿ ಕಾಗದದ ಮೇಲೆ ಅಚ್ಚುಹಾಕಿ, ಒಂದೊಂದು ಚೌಕಕ್ಕೂ ಕೈಯಿಂದ ಬಣ್ಣ ತುಂಬಿಸಿದ ಮಾದರಿಗಳನ್ನು ಮಾರತೊಡಗಿದ. 1840ರ ವೇಳೆಗೆ ಅಂಥ ಸುಮಾರು 14,000 ಮಾದರಿಗಳು ಹೊರಟಿದ್ದವೆನ್ನುತ್ತಾರೆ. ಯುರೋಪು ಅಮೆರಿಕಗಳ ಗೃಹಿಣಿಯರು ಕಾಗದ ನೋಡಿ ಎಣಿಸಿ ಎಣಿಸಿ, ಮನೆಯ ಕುರ್ಚಿ, ದಿಂಬು, ಗಂಡನ ಚಪ್ಪಲಿಗಳನ್ನೂ ಬಿಡದೆ ಗುಲಾಬಿಗಳಿಂದ ಮುಚ್ಚಿದರು. ಎಣಿಕೆ ಬೇಸರವಾದವರಿಗೆ ಬಟ್ಟೆಯ ಮೇಲೆಯೇ ಬಣ್ಣ ಬರೆದುಕೊಡುವ ಪದ್ಧತಿ ಒದಗಿತು. ಎರಡೆರಡು ಎಳೆ ಜೋಡಿಸಿ ನೇಯ್ದ ಒಂದು ಬಗೆಯ ಕ್ಯಾನ್‌ವಾಸಿಗೆ ಪೆನೆಲೊಪಿಯ ಹೆಸರಿದೆ. ಆಕೆ ಗ್ರೀಕರ ಪುರಾಣದ ಪತಿವ್ರತೆ; ಗಂಡ ಬರುವ ತನಕ ಹಗಲು ನೇಯ್ದುದನ್ನು ಇರುಳು ಬಿಚ್ಚುತ್ತಿದ್ದವಳು. ಬಿಚ್ಚುವುದು ನೇಯುವುದಕ್ಕಿಂತ ಕಷ್ಟವೆಂಬುದನ್ನು ಬಲ್ಲವರೇ ಯಾರೋ ಆ ಹೆಸರಿಟ್ಟಿರಬೇಕು.

ಹದಿನಾಲ್ಕು ಅಂಗುಲ ಅಗಲ, ಹದಿನಾರು ಅಂಗುಲ ಎತ್ತರ. 98 ಸಾಲು, 112 ಸಾಲು. ಒಟ್ಟು 10,976 ಹೊಲಿಗೆ. ನಕ್ಷೆ ಸಿದ್ಧವಾದ ಮೇಲೆ ಬಣ್ಣದ ವಿಷಯದಲ್ಲಿ ಜಗಳ ಹತ್ತಿತು. ನೆಲ ತಿಳಿಹಳದಿಯಾಗಿರಲೆಂದು ಸೊಸೆಯ ಇಚ್ಛೆ. ಮಸುಕುಗಣ್ಣಿಗೆ ಅದೇ ಹಿತ. ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ.

“ತಿಳಿಬಣ್ಣ ನೋಡುವುದಕ್ಕೆ ಚೆನ್ನ, ಅತ್ತೆ.”

“ಚಂದ್ರಕಾಳಿ ಅಂದ್ರ ಕರೀದಽ. ಹಳದೀ ನೆಲದ ಮ್ಯಾಲ ಗೋಪುರಾ ನಿಂತರ ಅದು ಅರಿಷಿಣದ ಮನಿ ಆಗ್ತದ, ಗುಡಿ ಆಗೂದಿಲ್ಲ.”

ಕಪ್ಪೇ ಗೆದ್ದಿತು. ಪಕ್ಕದ ಮನೆಯ ಅಜ್ಜಿಯನ್ನು ವಿಚಾರಿಸಿದಾಗ ಆಕೆ ಎರಡು ಉಪಾಯ ಹೇಳಿಕೊಟ್ಟಳು. ನೆಲಕ್ಕೆ ಕಪ್ಪು ಬಣ್ಣವನ್ನು ತಪ್ಪದೆ ಬಳಿಯಬೇಕು. ಕಪ್ಪು ಉಣ್ಣೆಯ ಕೆಳಗೆ ಬಿಳಿ ಕ್ಯಾನ್‌ವಾಸಿದ್ದರೆ ಹೊಲಿಗೆಗಳ ನಡುವಿನಿಂದ ಅದು ಹಲ್ಲು ಕಿರಿಯುತ್ತದೆ. ಹೊಲಿಯುವಾಗ ಮಡಿಲಲ್ಲಿ ಬಿಳಿಯ ಬಟ್ಟೆ ಹಾಸಿಕೊಳ್ಳಬೇಕು. ಆಗ ಕಪ್ಪಿನ ಕಣ್ಣುಗಳೆಲ್ಲ ಬೆಳ್ಳಗೆ ತೋರುತ್ತವೆ. ಮಗನ ಬಿಳಿಯ ಪಂಚೆಯೊಂದು ಅಂದಿನಿಂದ ಆ ಕೆಲಸಕ್ಕೆ ಮೀಸಲಾಯಿತು.

ಬಣ್ಣ ಬಳಿದು ಮುಗಿದ ದಿನ ಕ್ಯಾನ್‌ವಾಸು ನೋಡಲು ಚೆಲುವಾಗಿತ್ತು. ಚೌಕಟ್ಟು ಹಾಕಿಸಿದ್ದರೆ ಹಾಗೆಯೇ ಗೋಡೆಗೇರಬಹುದಿತ್ತು. ಸೊಸೆಗೆ ಒಂದು ಕ್ಷಣ ಹೊಟ್ಟೆಯಲ್ಲಿ ಕಿವುಚಿದಂತಾದುದೂ ಸುಳ್ಳಲ್ಲ. ಮುಚ್ಚಿಹೋಗುವುದಕ್ಕಾಗಿಯೇ ಅಷ್ಟು ರಾತ್ರಿಗಳು ಕಳೆದಿದ್ದವು. ಅವಳು ಅದನ್ನು ಅತ್ತೆಯವರ ಮಡಿಲಿಗಿಟ್ಟು, ದಪ್ಪ ಉಣ್ಣೆ ಪೋಣಿಸಿದ ಮೊಂಡುಮೊನೆಯ ಸೂಜಿಯನ್ನು ಕೊಟ್ಟು, ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ಅತ್ತೆಯವರು ಸೂಜಿಯನ್ನು ಹಿಡಿಯುವ ಮೊದಲು ಎಡಗೈಯ ಬೆರಳಿನಿಂದ ಕ್ಯಾನ್‌ವಾಸನ್ನು ಸವರಿದರು. ಬಿರುಸಾದ ಎಳೆ, ಅಗಲವಾದ ಕಣ್ಣು. ಬೆರಳಿಗೇ ದಾರಿ ತಿಳಿಯುತ್ತಿತ್ತು. ಕೆಂಪು ಎಲ್ಲಿ ಮುಗಿದು ಕಪ್ಪು ಎಲ್ಲಿ ತೊಡಗುವುದೆಂಬುದನ್ನು ಓರೆಗಣ್ಣು ಹೇಳಿತು. ಮೊದಲ ದಿನ ಒಂದೂವರೆ ಸಾಲಾಯಿತು. ವಾರ ಕಳೆಯುವಷ್ಟರಲ್ಲಿ ಒಂದು ಮೆಟ್ಟಿಲು. ಮಗ ಬಗ್ಗಿ ನೋಡಿ, “ಅವ್ವಾ, ಇದು ಕಾಲೊರಸೂ ಜಮಖಾನೇನು?” ಎಂದು ಕೇಳಿ ಇಬ್ಬರಿಂದಲೂ ಬೈಸಿಕೊಂಡ. ಬೆಳಗಿನ ಹೊತ್ತು ಪಕ್ಕದ ಮನೆಯ ಅಜ್ಜಿ ತನ್ನ ಎಂಟನೆಯ ಕಾಲುಚೀಲವನ್ನು ಹಿಡಿದು ಬಂದು ಎದುರಿಗೆ ಕೂರುವುದು ರೂಢಿಯಾಯಿತು. ಇವರಿಗೆ ಅವಳ ಮಾತು ಬಾರದು, ಅವಳಿಗೆ ಇವರದು ಬಾರದು. ಒಬ್ಬರದನ್ನು ಒಬ್ಬರು ತೆಗೆದುಕೊಂಡು, ಮಗುಚಿ, ಬೆನ್ನು ನೋಡಿ, ತಲೆಯಲ್ಲಾಡಿಸಿ ಹಿಂತಿರುಗಿಸುವರು. ಅದರಲ್ಲಿಯೇ ಹೊತ್ತು ಮಧ್ಯಾಹ್ನವಾಗುತ್ತಿತ್ತು.

ಒಮ್ಮೆ ಸೊಸೆ ಬರೆದಿದ್ದ ಒಂದು ಸಂಧಿಯ ಬಣ್ಣವನ್ನು ಲೆಕ್ಕಿಸದೆ ಅತ್ತೆಯವರು ಆನೆಯ ಕಣ್ಣಿನ ಹೊಲಿಗೆಯನ್ನು ಒಂದು ಸಾಲು ಕೆಳಗೆ ಹಾಕಿದರು. ತಪ್ಪಿ ಹಾಕಿದರೋ ಬೇಕೆಂದು ಹಾಕಿದರೋ ಎಂದು ಸೊಸೆ ತಡವರಿಸಿದಳು.

“ನೋಡ್ತೀಯೇನು? ನೀ ಬರದ ಆನಿ ಮುಗಲ ನೋಡ್ತಿತ್ತು. ಇದು ಹಾದೀ ನೋಡ್ತದ.”

ಆರು ತಿಂಗಳು ಮುಗಿದವು. ಗೋಪುರಗಳಾಗಿದ್ದವು, ಆನೆಯಾಗಿತ್ತು, ಕಪ್ಪು ನೆಲ ಮುಕ್ಕಾಲು ಉಳಿದಿತ್ತು. ಕ್ಯಾನ್‌ವಾಸನ್ನು ಸುರುಳಿ ಸುತ್ತಿ, ಕಪ್ಪು ಉಣ್ಣೆಯ ಲಡಿಗಳೊಡನೆ ಕೈಚೀಲದಲ್ಲಿಟ್ಟುಕೊಂಡು ಅತ್ತೆಯವರು ವಿಮಾನವೇರಿದರು. ಅವರು ಹೋದ ಮೇಲೆ ಕೋಣೆಯ ಕಪಾಟನ್ನು ತೆರೆದಾಗ ಚಂದ್ರಕಾಳಿ ಸೀರೆ ಅಲ್ಲಿಯೇ ಇದ್ದಿತು. ಮೇಲೆ ಚೌಕುಳಿ ಕಾಗದದ ಹಾಳೆಗಳನ್ನು ಮಡಿಸಿ ಇಟ್ಟಿತ್ತು. ಮರೆತು ಹೋದುದಲ್ಲವೆಂದು ತಿಳಿಯಲು ಅಷ್ಟು ಸಾಕಾಯಿತು.

ಸೊಸೆಗೆ ಬಟ್ಟೆಯ ಎಳೆ ಎಣಿಸುವ ಅಭ್ಯಾಸವಿರಲಿಲ್ಲ. ಭೂತಗನ್ನಡಿ ಹಚ್ಚಿದ ದೀಪದ ಕೆಳಗೆ ಮೂರನೆಯ ಆನೆಯ ಮುಂಗಾಲನ್ನು ಬಿಚ್ಚಿ, ಸವೆದ ಎಳೆಗಳ ನಡುವೆ ಹಾದಿ ಹುಡುಕುವಷ್ಟರಲ್ಲಿ ನಾಲ್ಕು ಭಾನುವಾರಗಳು ಕಳೆದವು. ಐದನೆಯ ಭಾನುವಾರ ಗವಂತಿ ಹೋಗಿ, ಹೋದಂತೆಯೇ ಮರಳಿ, ಕಾಲು ಕೂಡಿತು. ಅದೇ ದಿನ ಧಾರವಾಡದಿಂದ ಫೋನು ಬಂದಿತು. ಮಳೆ, ಬೆಳೆ, ಮೊಮ್ಮಗನ ಕೆಮ್ಮು, ಕಪ್ಪು ನೆಲದಲ್ಲಿ ಇನ್ನೂ ಮೂವತ್ತು ಸಾಲು ಬಾಕಿಯಿರುವುದು, ಎಲ್ಲ ಮಾತೂ ಆಯಿತು. ಫೋನು ಇಡುವ ಮೊದಲು ಅತ್ತೆಯವರು ಸುಮ್ಮನಾದರು. ಆಮೇಲೆ ಕೇಳಿದರು:

“ಆನೀ ಕಾಲು ಬಿಚ್ಚಿದ್ಯೇನು? ಎಷ್ಟು ಎಳಿ ತಪ್ಪಿತ್ತು?”

“ಒಂದು, ಅತ್ತೆ.”

“ಒಂದಽ? ನಾ ಎರಡು ಅನ್ಕೊಂಡಿದ್ದೆ.”